ಕೇಸ್ ನಂಬರ್ ಓದೋದು ಕಲ್ತ್ರೆ ಅರ್ಧ ಕೋರ್ಟ್ ಅರ್ಥ ಆಯ್ತು: ಬೇ ಏರಿಯಾ ಫೆಡರಲ್ ಕೋರ್ಟಿನ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿರೋ ನನ್ನ ದೋಸ್ತ್ ಒಬ್ಬ ಒಂದಿನ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸ್ದ. ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಗ್ದು ವರ್ಷದ ಹತ್ರ ಆಗಿತ್ತು, ಆ ಕಡೆಯಿಂದ ಹೂಂ ಇಲ್ಲ ಉಹೂಂ ಇಲ್ಲ, ಕೊನೆಗೆ ವಕೀಲರನ್ನ ಹಿಡ್ದು ಫೆಡರಲ್ ಕೋರ್ಟಲ್ಲಿ ಕೇಸ್ ಹಾಕ್ಸಿದ್ದ. (ಇಂಟರ್‌ವ್ಯೂ ಆಗಿ 120 ದಿನದೊಳಗೆ ತೀರ್ಮಾನ ಬರ್ದಿದ್ರೆ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗ್ಬಹುದು ಅಂತ ಕಾನೂನೇ ಇದೆ, ಸುಮಾರು ಜನಕ್ಕೆ ಗೊತ್ತಿಲ್ಲ.) ಕೇಸ್ ಹಾಕಿದ್ಮೇಲೆ ಒಂದು ಉದ್ದದ ನಂಬರ್ ಬಂದಿತ್ತು. "ಗುರೂ, ಇದ್ರಲ್ಲಿ ನಮ್ಮ ಜಡ್ಜ್ ಯಾರು, ಎಲ್ಲಿಗೆ ಹೋಗ್ಬೇಕು, ಸ್ಯಾನ್ ಹೋಸೆ ತಾನೆ, ನಮ್ಮನೆಯಿಂದ ಇಪ್ಪತ್ತೈದು ನಿಮಿಷ" ಅಂದ. ನಂಬರ್ ಶುರು ಆಗ್ತಿದ್ದಿದ್ದು 3 ರಿಂದ. ಸ್ಯಾನ್ ಹೋಸೆ ಅಲ್ಲ ಮಾರಾಯಾ, ಸ್ಯಾನ್ ಫ್ರಾನ್ಸಿಸ್ಕೋ ಅಂದೆ. ಅವನಿಗೆ ನಂಬಿಕೆನೇ ಬರ್ಲಿಲ್ಲ.

ಅವನಿಗೆ ಆ ರಾತ್ರಿ ಬಿಡಿಬಿಡಿಯಾಗಿ ಹೇಳಿದ್ದನ್ನ ಇಲ್ಲಿ ಒಂದು ಕಡೆ ಜೋಡಿಸ್ತಿದೀನಿ. ನಾನು ವಕೀಲ ಅಲ್ಲ, ಕೋರ್ಟ್ ಡಾಕೆಟ್ (ಒಂದು ಕೇಸಿನ ಕಾಗದ, ಆರ್ಡರ್‌ಗಳ ಪಟ್ಟಿ) ಓದೋ ಚಟ ಹತ್ತಿರೋ ಒಬ್ಬ ಸಾಫ್ಟ್‌ವೇರ್ ಮನುಷ್ಯ ಅಷ್ಟೆ, ಆದ್ರಿಂದ ಇದು ಕಾನೂನು ಸಲಹೆ ಅಲ್ಲ, ದಾರಿ ತೋರ್ಸೋದು ಅಂದ್ಕೊಳಿ. ಕೋರ್ಟಿನ ಪೂರ್ತಿ ಹೆಸರು ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್ ಫಾರ್ ದ ನಾರ್ದರ್ನ್ ಡಿಸ್ಟ್ರಿಕ್ಟ್ ಆಫ್ ಕ್ಯಾಲಿಫೋರ್ನಿಯಾ. ವಕೀಲರ ಬಾಯಲ್ಲಿ ಎನ್.ಡಿ. ಕ್ಯಾಲ್.

ಕಲಿಯೋಕೆ ಒಂದು ನಂಬರ್ ಇಟ್ಕೊಳಣ: 4:20-ಸಿವಿ-05640-ವೈಜಿಆರ್. ಎಪಿಕ್ ಗೇಮ್ಸ್ ಕಂಪನಿ ಆಪಲ್ ಮೇಲೆ ಹಾಕಿದ ಆಪ್ ಸ್ಟೋರ್ ಕೇಸ್ ಇದು. ಈ ನಂಬರಿನ ಒಂದೊಂದು ತುಂಡೂ ಕೋರ್ಟಿನ ಒಂದೊಂದು ಬಾಗ್ಲು.

ಸ್ಟೆಪ್ 1: ನಂಬರ್ ನೋಡೋಕೆ ಮೊದ್ಲು, ಇದು ಫೆಡರಲ್ ಕೋರ್ಟೇನಾ ನೋಡಿ

ಊರಲ್ಲಿ ನಮಗೆ ಒಂದೇ ಏಣಿ. ತಾಲೂಕು ಕೋರ್ಟಿಂದ ಜಿಲ್ಲಾ ಕೋರ್ಟು, ಅಲ್ಲಿಂದ ಹೈಕೋರ್ಟು, ಆಮೇಲೆ ಡೆಲ್ಲಿ. ಕೇಂದ್ರದ ಕಾನೂನಾದ್ರೂ ರಾಜ್ಯದ ಕಾನೂನಾದ್ರೂ ಅದೇ ಏಣಿ. ಅಮೆರಿಕಾದಲ್ಲಿ ಎರಡು ಏಣಿ ಪಕ್ಕಪಕ್ಕ ನಿಂತಿವೆ, ಒಂದು ರಾಜ್ಯದ್ದು ಒಂದು ಫೆಡರಲ್. ಡಿವೋರ್ಸ್, ಬಾಡಿಗೆ ಮನೆ ಜಗಳ, ಟ್ರಾಫಿಕ್ ಟಿಕೆಟ್, ವಿಲ್ಲು, ಆಸ್ತಿ ಇವೆಲ್ಲ ಹೆಚ್ಚುಕಮ್ಮಿ ರಾಜ್ಯದ ಸುಪೀರಿಯರ್ ಕೋರ್ಟಿಗೆ ಹೋಗ್ತವೆ, ಪ್ರತಿ ಕೌಂಟಿಗೂ ಒಂದು ಇರತ್ತೆ. ಫೆಡರಲ್ ಕೋರ್ಟಿಗೆ ಹೋಗೋಕೆ ಕಾರಣ ಬೇಕು: ಫೆಡರಲ್ ಕಾನೂನಿನ ಪ್ರಶ್ನೆ ಇರ್ಬೇಕು (ಇಮಿಗ್ರೇಶನ್, ಪೇಟೆಂಟ್, ಕಾಪಿರೈಟ್, ಆಂಟಿಟ್ರಸ್ಟ್ ಅಂದ್ರೆ ಏಕಸ್ವಾಮ್ಯ ತಡೆಯೋ ಕಾನೂನು, ಈ ಥರದ್ದು), ಇಲ್ಲಾಂದ್ರೆ ಎರಡೂ ಪಾರ್ಟಿ ಬೇರೆ ಬೇರೆ ರಾಜ್ಯದವರಾಗಿ 75,000 ಡಾಲರಿಗಿಂತ ಜಾಸ್ತಿ ಮೊತ್ತದ ವ್ಯಾಜ್ಯ ಆಗಿರ್ಬೇಕು, ಇಲ್ಲಾಂದ್ರೆ ಅಮೆರಿಕಾ ಸರ್ಕಾರವೇ ಪಾರ್ಟಿ ಆಗಿರ್ಬೇಕು.

ಒಂದೇ ಜಗಳ ಎರಡೂ ಏಣಿ ಹತ್ತಿ ನೋಡೋದೂ ಉಂಟು. ಸಿಸ್ಕೋ ಕಂಪನಿಯಲ್ಲಿ ಜಾತಿ ತಾರತಮ್ಯ ಆಗಿದೆ ಅಂತ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆ 2020 ರ ಜೂನಲ್ಲಿ ಹಾಕಿದ ಕೇಸ್ ನೆನಪಿದ್ಯಾ, ನಮ್ಮ ಜನದ ವಾಟ್ಸಾಪ್ ಗ್ರೂಪುಗಳೆಲ್ಲ ಹೊತ್ಕೊಂಡು ಉರ್ದಿದ್ವಲ್ಲ, ಅದು ಮೊದ್ಲು ಬಂದಿದ್ದು ಇದೇ ಫೆಡರಲ್ ಕೋರ್ಟಿಗೆ. ಆ ಅಕ್ಟೋಬರಲ್ಲಿ ಇಲಾಖೆ ತಾನೇ ವಾಪಸ್ ತಗೊಂಡು ಸಾಂಟಾ ಕ್ಲಾರಾ ಕೌಂಟಿ ಸುಪೀರಿಯರ್ ಕೋರ್ಟಲ್ಲಿ ಮತ್ತೆ ಹಾಕ್ತು. ಆದ್ರಿಂದ ಕೇಸಿನ ಸುದ್ದಿ ಓದುವಾಗ ಯಾವ ಕೋರ್ಟ್ ಅನ್ನೋದನ್ನ ಮೊದ್ಲು ನೋಡಿ, ಇಲ್ದಿದ್ರೆ ಮುಂದಿಂದೆಲ್ಲ ತಪ್ಪಾಗತ್ತೆ.

ಇನ್ನೊಂದು ಗೊಂದಲ, ನಮ್ಮವರಲ್ಲಿ ಇದು ತುಂಬಾ ಜಾಸ್ತಿ. ಇಮಿಗ್ರೇಶನ್ ಕೋರ್ಟ್ ಬೇರೆ, ಈ ಕೋರ್ಟ್ ಬೇರೆ. ಇಮಿಗ್ರೇಶನ್ ಜಡ್ಜುಗಳು ಜಸ್ಟಿಸ್ ಡಿಪಾರ್ಟ್‌ಮೆಂಟ್ ಅನ್ನೋ ಸರ್ಕಾರಿ ಇಲಾಖೆಯ ನೌಕರರು. ಗಡೀಪಾರಿನ ವಿಚಾರಣೆ ಅಲ್ಲಿ. ಗ್ರೀನ್ ಕಾರ್ಡ್ ಅರ್ಜಿನ ಅಟ್ಟದ ಮೇಲೆ ಹಾಕಿ ಕೂತವ್ರೆ, ಏನಾದ್ರೂ ತೀರ್ಮಾನ ಮಾಡಿ ಅಂತ ಆಜ್ಞೆ ಕೊಡಿ ಅಂತ ಕೇಳೋ ಮ್ಯಾಂಡಮಸ್ ಕೇಸು ಬರೋದು ಇಲ್ಲಿಗೆ.

ಸ್ಟೆಪ್ 2: ನಿಮ್ಮ ಕೌಂಟಿ ಈ ಡಿಸ್ಟ್ರಿಕ್ಟಿಗೆ ಸೇರತ್ತಾ

ದೇಶದಲ್ಲಿ 94 ಫೆಡರಲ್ ಡಿಸ್ಟ್ರಿಕ್ಟ್ ಇವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ನಾಲ್ಕು: ನಾರ್ದರ್ನ್, ಈಸ್ಟರ್ನ್, ಸೆಂಟ್ರಲ್, ಸದರ್ನ್. 1850 ರಲ್ಲಿ ರಾಜ್ಯ ಹುಟ್ಟಿದಾಗ ಉತ್ತರ ದಕ್ಷಿಣ ಅಂತ ಎರಡೇ ಇತ್ತು, ನಡುವೆ ಒಮ್ಮೆ ಕೂಡ್ಸಿದ್ರು, 1886 ರಲ್ಲಿ ಮತ್ತೆ ಬೇರೆ ಮಾಡಿದ್ರು, ಈಗಿನ ನಾಲ್ಕು ಪಾಲು ಆಗಿದ್ದು 1966 ರಲ್ಲಿ. ಉತ್ತರದ ಮೊದಲನೇ ಜಡ್ಜ್ ಆಗ್ಡೆನ್ ಹಾಫ್‌ಮನ್ 1851 ರಿಂದ 1891 ರವರೆಗೆ, ಅಂದ್ರೆ ನಲವತ್ತು ವರ್ಷ, ಅದೇ ಕುರ್ಚಿಲಿ ಕೂತಿದ್ರು. ಮೆಕ್ಸಿಕೋ ಕಾಲದ ಜಮೀನು ದಾಖಲೆಗಳ ತಕರಾರು ಬಿಡಿಸೋದ್ರಲ್ಲೇ ಅವರ ವರ್ಷಗಟ್ಲೆ ಕಳೀತು.

ಈಗ ನಾರ್ದರ್ನ್ ಡಿಸ್ಟ್ರಿಕ್ಟಲ್ಲಿ 15 ಕೌಂಟಿ: ಅಲಮೀಡಾ, ಕಾಂಟ್ರಾ ಕೋಸ್ಟಾ, ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಮಟೇಯೊ, ಮರಿನ್, ನಾಪಾ, ಸೊನೋಮಾ, ಲೇಕ್, ಮೆಂಡೊಸೀನೊ, ಹಂಬೋಲ್ಟ್, ಡೆಲ್ ನಾರ್ಟ್, ಸಾಂಟಾ ಕ್ಲಾರಾ, ಸಾಂಟಾ ಕ್ರೂಜ್, ಸ್ಯಾನ್ ಬೆನಿಟೊ, ಮಾಂಟೆರೇ. ಮೇಲೆ ಒರೆಗಾನ್ ಗಡಿಯಿಂದ ಕೆಳಗೆ ಮಾಂಟೆರೇ ತನಕ ಕಡಲ ಪಕ್ಕದ ಪಟ್ಟಿ ಅಂದ್ಕೊಳಿ.

ಜನ ಎಡವೋದು ಪೂರ್ವದ ಗಡಿಲಿ. ಡಬ್ಲಿನ್, ಪ್ಲೆಸೆಂಟನ್ ಆದ್ರೆ ಅಲಮೀಡಾ ಕೌಂಟಿ, ಸ್ಯಾನ್ ರಮೋನ್ ಆದ್ರೆ ಕಾಂಟ್ರಾ ಕೋಸ್ಟಾ, ಎರಡೂ ಒಳಗೇ ಬಂದ್ವು. ಬೆಟ್ಟ ದಾಟಿ ಮೌಂಟನ್ ಹೌಸಲ್ಲೋ ಟ್ರೇಸಿಲೋ ಮನೆ ತಗೊಂಡಿದ್ರೆ ಅದು ಸ್ಯಾನ್ ವಾಕೀನ್ ಕೌಂಟಿ, ಈಸ್ಟರ್ನ್ ಡಿಸ್ಟ್ರಿಕ್ಟ್. ಆಫೀಸು ಸಾಂಟಾ ಕ್ಲಾರಾದಲ್ಲಿದ್ರೂ ಮನೆ ವಿಳಾಸ ನೋಡೋ ಕೇಸಾದ್ರೆ ಲೆಕ್ಕ ಬದಲಾಗತ್ತೆ, ಸಿಟಿಜನ್‌ಶಿಪ್ ಕೇಸು ಹಾಗೇನೇ, ವಾಸ ಇರೋ ಡಿಸ್ಟ್ರಿಕ್ಟಲ್ಲೇ ಹಾಕ್ಬೇಕು.

ಸ್ಟೆಪ್ 3: ಮೊದಲನೇ ಅಂಕಿ, ಯಾವ ಕಟ್ಟಡ

ನಂಬರಿನ ಶುರುವಲ್ಲಿ ಕೋಲನ್‌ಗೆ ಮುಂಚೆ ಇರೋ ಅಂಕಿನೇ ಡಿವಿಷನ್. 3 ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ, 4 ಅಂದ್ರೆ ಓಕ್ಲಂಡ್, 5 ಅಂದ್ರೆ ಸ್ಯಾನ್ ಹೋಸೆ, 1 ಅಂದ್ರೆ ಯುರೀಕಾ. ಎಪಿಕ್ ಕೇಸ್ 4 ರಿಂದ ಶುರು ಅಲ್ವಾ, ಅದು ಓಕ್ಲಂಡಲ್ಲಿ ನಡೀತು.

ಸ್ಯಾನ್ ಫ್ರಾನ್ಸಿಸ್ಕೋದ್ದು ಗೋಲ್ಡನ್ ಗೇಟ್ ಅವೆನ್ಯೂ 450 ರಲ್ಲಿರೋ ಫಿಲಿಪ್ ಬರ್ಟನ್ ಬಿಲ್ಡಿಂಗು. ಗೋಲ್ಡನ್ ಗೇಟ್ ಸೇತುವೆಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಸಿವಿಕ್ ಸೆಂಟರ್ ಬಾರ್ಟ್ ಸ್ಟೇಷನ್ನಲ್ಲಿ ಇಳ್ದು ನಡೀಬೇಕು. ಓಕ್ಲಂಡದ್ದು ಕ್ಲೇ ಸ್ಟ್ರೀಟ್ 1301, ರೊನಾಲ್ಡ್ ಡೆಲಮ್ಸ್ ಬಿಲ್ಡಿಂಗು. ಸ್ಯಾನ್ ಹೋಸೆದ್ದು ಸೌತ್ ಫಸ್ಟ್ ಸ್ಟ್ರೀಟ್ 280, ರಾಬರ್ಟ್ ಪೆಕಮ್ ಬಿಲ್ಡಿಂಗು. ಬರ್ಟನ್, ಡೆಲಮ್ಸ್ ಇಬ್ರೂ ರಾಜಕಾರಣಿಗಳು, ಪೆಕಮ್ ಮಾತ್ರ ಇದೇ ಕೋರ್ಟಲ್ಲಿ ಚೀಫ್ ಜಡ್ಜ್ ಆಗಿದ್ದವರು. ಯುರೀಕಾ ಕಡೆ ದೂರದ ಕೌಂಟಿಗಳಿಗೆ ಒಬ್ಬ ಮ್ಯಾಜಿಸ್ಟ್ರೇಟ್ ಜಡ್ಜ್ ಇರ್ತಾರೆ.

ಇದನ್ನ ನಮ್ಮ ಹೈಕೋರ್ಟಿಗೆ ಹೋಲ್ಸಿದ್ರೆ ಬೇಗ ಹೊಳಿಯತ್ತೆ. ಬೆಂಗಳೂರು, ಧಾರವಾಡ, ಕಲಬುರಗಿ ಅಂತ ಮೂರು ಕಡೆ ಪೀಠ ಇದ್ರೂ ಕೋರ್ಟ್ ಒಂದೇ ತಾನೆ, ಇಲ್ಲೂ ಹಾಗೆ, ಊರು ಬೇರೆ ಕೋರ್ಟ್ ಒಂದೇ.

ಯಾವ ಕೌಂಟಿದು ಯಾವ ಕಟ್ಟಡಕ್ಕೆ ಅನ್ನೋದು ಸಿವಿಲ್ ಲೋಕಲ್ ರೂಲ್ 3-2 ರಲ್ಲಿದೆ. ಸಾಂಟಾ ಕ್ಲಾರಾ, ಸಾಂಟಾ ಕ್ರೂಜ್, ಸ್ಯಾನ್ ಬೆನಿಟೊ, ಮಾಂಟೆರೇ ನಾಲ್ಕೂ ಸ್ಯಾನ್ ಹೋಸೆಗೆ. ಮಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋ ಇಲ್ಲಾ ಓಕ್ಲಂಡಿಗೆ, ಮೇಲಿನ ನಾಲ್ಕು ಕೌಂಟಿದು ಕೆಲವು ಯುರೀಕಾಕ್ಕೂ ಹೋಗತ್ತೆ. ಈಗ ಗೊತ್ತಾಯ್ತಲ್ಲ ನನ್ನ ದೋಸ್ತಿನ ಕಥೆ: ಫ್ರೀಮಾಂಟಿಂದ ಸ್ಯಾನ್ ಹೋಸೆ ಹತ್ರ ಇರ್ಬಹುದು, ಆದ್ರೆ ಫ್ರೀಮಾಂಟ್ ಇರೋದು ಅಲಮೀಡಾ ಕೌಂಟಿಲಿ. ಗೂಗಲ್ ಮ್ಯಾಪ್ ನೋಡಿ ಕೋರ್ಟ್ ಡಿಸೈಡ್ ಮಾಡ್ಬೇಡಿ. ಪೇಟೆಂಟ್, ಆಂಟಿಟ್ರಸ್ಟ್, ಸೆಕ್ಯುರಿಟೀಸ್ ಕ್ಲಾಸ್ ಆಕ್ಷನ್ (ಶೇರುದಾರರ ಗುಂಪಿನ ಪರವಾಗಿ ಹಾಕೋ ಕೇಸ್) ಥರದ ಕೆಲವು ಬಗೆಗೆ ಈ ಹಂಚಿಕೆನೂ ಇಲ್ಲ, ಇಡೀ ಡಿಸ್ಟ್ರಿಕ್ಟಲ್ಲಿ ಯಾರಿಗೆ ಬೇಕಾದ್ರೂ ಬೀಳತ್ತೆ.

ಸ್ಟೆಪ್ 4: ವರ್ಷ ಮತ್ತೆ ಎರಡಕ್ಷರ

20 ಅಂದ್ರೆ 2020 ರಲ್ಲಿ ಹಾಕಿದ್ದು. ಸಿವಿ ಅಂದ್ರೆ ಸಿವಿಲ್, ಸಿಆರ್ ಅಂದ್ರೆ ಕ್ರಿಮಿನಲ್, ಎಂಜೆ ಅಂದ್ರೆ ಇನ್ನೂ ಮ್ಯಾಜಿಸ್ಟ್ರೇಟ್ ಹಂತದಲ್ಲಿರೋ ಕ್ರಿಮಿನಲ್ ವಿಷಯ, ಎಂಡಿ ಅಂದ್ರೆ ದೇಶದ ಬೇರೆ ಬೇರೆ ಕಡೆಯ ಒಂದೇ ಥರದ ಕೇಸುಗಳನ್ನೆಲ್ಲ ಒಬ್ಬ ಜಡ್ಜ್ ಮುಂದೆ ಕಟ್ಟಿ ತಂದಿಟ್ಟಿರೋದು. ರಕ್ತ ಪರೀಕ್ಷೆ ಹೆಸರಲ್ಲಿ ಮೋಸ ಮಾಡಿದ ಥೆರಾನೋಸ್ ಕಂಪನಿಯ ಎಲಿಜಬೆತ್ ಹೋಮ್ಸ್ ಕೇಸ್ 5:18-ಸಿಆರ್-00258-ಇಜೆಡಿ. ಈಗ ನೀವೇ ಓದಿ: ಸ್ಯಾನ್ ಹೋಸೆ, 2018, ಕ್ರಿಮಿನಲ್. ಆಮೇಲಿರೋ ಐದಂಕಿ ಬರೀ ಕ್ರಮಸಂಖ್ಯೆ, ಅದ್ರಲ್ಲಿ ಏನೂ ಗುಟ್ಟಿಲ್ಲ.

ಸ್ಟೆಪ್ 5: ಕೊನೆಯ ಅಕ್ಷರಗಳು, ಅಂದ್ರೆ ಜಡ್ಜ್

ಇಡೀ ನಂಬರಿನ ಜೀವ ಇರೋದೇ ಇಲ್ಲಿ. ವೈಜಿಆರ್ ಅಂದ್ರೆ ಇವಾನ್ ಗೊನ್ಜಾಲೆಜ್ ರಾಜರ್ಸ್, ಇಜೆಡಿ ಅಂದ್ರೆ ಎಡ್ವರ್ಡ್ ಡಾವಿಲಾ, ಹೋಮ್ಸ್‌ಗೆ 2022 ರ ನವೆಂಬರಲ್ಲಿ ಹನ್ನೊಂದು ವರ್ಷ ಮೂರು ತಿಂಗಳು ಜೈಲು ಕೊಟ್ಟವರು. ಡಬ್ಲ್ಯುಎಚ್ಎ ಅಂದ್ರೆ ವಿಲಿಯಂ ಆಲ್ಸಪ್. ಒರಾಕಲ್ ಗೂಗಲ್ ಮೇಲೆ ಹಾಕಿದ ಜಾವಾ ಕೇಸ್ ನಡೆಸಿದ್ದು ಇವರೇ, ರೇಂಜ್‌ಚೆಕ್ ಅನ್ನೋ ಒಂಬತ್ತು ಸಾಲಿನ ಫಂಕ್ಷನ್ ವಿಷ್ಯ ಬಂದಾಗ, ಇಂಥಾ ಕೋಡನ್ನ ನಾನೇ ಎಷ್ಟೋ ಸಲ ಬರ್ದಿದೀನಿ ಅನ್ನೋ ಅರ್ಥದಲ್ಲಿ ಒರಾಕಲ್ ವಕೀಲರಿಗೆ ಹೇಳಿದ್ದು ನಮ್ಮ ಇಂಡಸ್ಟ್ರಿಲಿ ದಂತಕಥೆ ಥರ ಆಗಿದೆ. ವಿಸಿ ಅಂದ್ರೆ ವಿನ್ಸ್ ಛಾಬ್ರಿಯಾ, ತಂದೆ ಮುಂಬೈಯಿಂದ ಬಂದವರು, 2014 ರಿಂದ ಇಲ್ಲಿ ಜಡ್ಜು, ರೌಂಡಪ್ ಕಳೆನಾಶಕದ ಫೆಡರಲ್ ಕೇಸುಗಳ ಕಟ್ಟು ಪೂರ್ತಿ ಇವರ ಹತ್ರ ಬಂತು.

ಆದ್ರೆ ಹೆಸರು ಗೊತ್ತಾದ್ರೆ ಸಾಲ್ದು, ಇವರು ಯಾವ ಥರದ ಜಡ್ಜ್ ಅನ್ನೋದು ಗೊತ್ತಾಗ್ಬೇಕು. ಮೂರು ಥರ ಇದಾರೆ.

ಮೊದಲನೇದು ಡಿಸ್ಟ್ರಿಕ್ಟ್ ಜಡ್ಜ್. ಪ್ರೆಸಿಡೆಂಟ್ ಹೆಸರು ಸೂಚಿಸ್ತಾರೆ, ಸೆನೆಟ್ ಒಪ್ಬೇಕು, ಒಪ್ಪಿದ್ಮೇಲೆ ಜೀವಮಾನ ಪೂರ್ತಿ. ನಮ್ಮಲ್ಲಿ ಹೈಕೋರ್ಟ್ ಜಡ್ಜಿಗೆ 62 ಆದ್ರೆ ಹಾರ ಹಾಕಿ ಕಳಿಸ್ತಾರಲ್ಲ, ಇಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ಈ ಡಿಸ್ಟ್ರಿಕ್ಟಿಗೆ ಕಾಂಗ್ರೆಸ್, ಅಂದ್ರೆ ಇಲ್ಲಿಯ ಸಂಸತ್ತು, ಮಂಜೂರು ಮಾಡಿರೋದು 14 ಹುದ್ದೆ.

ಎರಡನೇದು ಸೀನಿಯರ್ ಜಡ್ಜ್. ಹೆಸರು ಕೇಳಿ ಬಡ್ತಿ ಅಂದ್ಕೋಬೇಡಿ, ಅರ್ಧ ನಿವೃತ್ತಿ ಥರ. ವಯಸ್ಸು 65 ದಾಟಿ, ವಯಸ್ಸೂ ಸರ್ವೀಸೂ ಕೂಡಿದ್ರೆ 80 ಆಗ್ಬೇಕು, ಸರ್ವೀಸ್ ಕಮ್ಮಿ ಅಂದ್ರೂ ಹತ್ತು ವರ್ಷ ಇರ್ಬೇಕು. ಅವರ ಹುದ್ದೆ ಖಾಲಿ ಅಂತ ಲೆಕ್ಕ, ಪ್ರೆಸಿಡೆಂಟ್ ಹೊಸಬರನ್ನ ಸೂಚಿಸ್ಬಹುದು, ಆದ್ರೆ ಇವರು ಇಷ್ಟ ಇದ್ದಷ್ಟು ಕೇಸ್ ಇಟ್ಕೊಂಡು ಮುಂದುವರೀತಾರೆ, ಅಧಿಕಾರ ಒಂಚೂರೂ ಕಮ್ಮಿ ಆಗಲ್ಲ. ಚಾರ್ಲ್ಸ್ ಬ್ರಯರ್ ಸೀನಿಯರ್ ಆಗಿದ್ದು 2011 ರ ಕೊನೆಗೆ, ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣದ ಕೇಸುಗಳೆಲ್ಲ ಅವರ ಮುಂದೆ ಬಂದಿದ್ದು ಅದಾಗಿ ನಾಲ್ಕು ವರ್ಷಕ್ಕೆ. ಆದ್ರಿಂದ "ಅಯ್ಯೋ ನಮಗೆ ರಿಟೈರ್ಡ್ ಜಡ್ಜ್ ಸಿಕ್ಬಿಟ್ರು" ಅಂತ ಗಾಬ್ರಿ ಆಗ್ಬೇಡಿ.

ಮೂರನೇದು ಮ್ಯಾಜಿಸ್ಟ್ರೇಟ್ ಜಡ್ಜ್. ನಮ್ಮ ಜನ ಹೆಚ್ಚು ತಪ್ಪು ತಿಳ್ಕೊಳೋದು ಇವರನ್ನೇ, ಯಾಕಂದ್ರೆ ಮ್ಯಾಜಿಸ್ಟ್ರೇಟ್ ಅಂದ ಕೂಡ್ಲೆ ಊರಿನ ಜೆಎಂಎಫ್‌ಸಿ ಕೋರ್ಟ್ ಕಣ್ಮುಂದೆ ಬರತ್ತೆ. ಇವರನ್ನ ನೇಮಿಸೋದು ಪ್ರೆಸಿಡೆಂಟ್ ಅಲ್ಲ, ಇದೇ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜುಗಳು ಸೇರಿ, ಎಂಟು ವರ್ಷಕ್ಕೆ, ಮತ್ತೆ ಮುಂದುವರಿಸ್ಬಹುದು. ಅರೆಸ್ಟ್ ಆದವರನ್ನ ಮೊದ್ಲು ಹಾಜರುಪಡಿಸೋದು, ಜಾಮೀನು, ಸರ್ಚ್ ವಾರಂಟ್ ಇವರ ಮುಂದೆ. ಡಾಕ್ಯುಮೆಂಟ್ ಕೊಡಿ, ಕೊಡಲ್ಲ ಅನ್ನೋ ಡಿಸ್ಕವರಿ ಜಗಳಾನೂ ಇವರ ಹತ್ರಾನೇ ಬರೋದು. ಆಪಲ್ ವರ್ಸಸ್ ಸ್ಯಾಮ್‌ಸಂಗ್ ನಂಬರ್ ನೋಡಿದ್ರೆ 5:11-ಸಿವಿ-01846-ಎಲ್ಎಚ್‌ಕೆ ಅಂತ ಇದ್ದು ಪಕ್ಕದಲ್ಲಿ ಪಿಎಸ್‌ಜಿ ಅಂತ ಇನ್ನೊಂದು ಗುರುತು ಇರೋದು. ಎಲ್ಎಚ್‌ಕೆ ಅಂದ್ರೆ ಡಿಸ್ಟ್ರಿಕ್ಟ್ ಜಡ್ಜ್ ಲೂಸಿ ಕೋ, ಪಿಎಸ್‌ಜಿ ಅಂದ್ರೆ ಆಗಿನ ಮ್ಯಾಜಿಸ್ಟ್ರೇಟ್ ಜಡ್ಜ್ ಪಾಲ್ ಗ್ರೇವಾಲ್. ಹಾಗೆ ಎರಡು ಗುರುತು ಕಂಡ್ರೆ ಎರಡನೇದು ಡಿಸ್ಕವರಿ ನೋಡ್ಕೊಳೋರು ಅಂತ ತಿಳ್ಕೊಳಿ. ಕೋ ಅವರು 2021 ರಲ್ಲಿ ಮೇಲಿನ ಕೋರ್ಟಿಗೆ ಹೋದ್ರು. ಮ್ಯಾಜಿಸ್ಟ್ರೇಟ್ ಆಗಿದ್ದವರು ಆಮೇಲೆ ಡಿಸ್ಟ್ರಿಕ್ಟ್ ಜಡ್ಜ್ ಆಗೋದೂ ಇದೆ, ರಿಚರ್ಡ್ ಸೀಬೋರ್ಗ್ 2001 ರಿಂದ ಸ್ಯಾನ್ ಹೋಸೆಲಿ ಮ್ಯಾಜಿಸ್ಟ್ರೇಟ್ ಆಗಿದ್ದವರು, 2009 ರ ಕೊನೆಗೆ ಸೆನೆಟ್ ಒಪ್ಪಿಗೆ ಸಿಕ್ತು, 2021 ರ ಫೆಬ್ರವರಿಲಿ ಚೀಫ್ ಜಡ್ಜೇ ಆದ್ರು.

ಚೀಫ್ ಜಡ್ಜ್ ಅಂದಾಗ ಒಂದು ಮಾತು. ಇವರನ್ನ ಯಾರೂ ಆರಿಸೋದಲ್ಲ, 65 ಒಳಗಿನವರಲ್ಲಿ ಯಾರು ಹಳಬರೋ ಅವರಿಗೆ ತಾನಾಗೇ ಬರತ್ತೆ, ಹೆಚ್ಚು ಅಂದ್ರೆ ಏಳು ವರ್ಷ, ಎಪ್ಪತ್ತು ತುಂಬಿದ್ರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗೀತು. ಆಡಳಿತ ನೋಡ್ಕೋತಾರೆ, ಬೇರೆ ಜಡ್ಜ್ ತೀರ್ಪನ್ನ ಬದಲಾಯಿಸೋ ಹಾಗಿಲ್ಲ. ಚೀಫಿಗೆ ಲೆಟರ್ ಬರೆದ್ರೆ ಕೇಸ್ ಬೇಗ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ದಿವಾಳಿ ಕೇಸಿಗೆ ಬ್ಯಾಂಕ್ರಪ್ಟ್ಸಿ ಜಡ್ಜುಗಳು ಬೇರೆ ಇದಾರೆ, ಮೇಲಿನ ನೈನ್ತ್ ಸರ್ಕ್ಯೂಟ್ ಕೋರ್ಟ್ (ಇಲ್ಲಿಂದ ಅಪೀಲ್ ಹೋಗೋ ಕೋರ್ಟ್) 14 ವರ್ಷಕ್ಕೆ ನೇಮಿಸತ್ತೆ. ಅದು ಬೇರೆ ಲೋಕ, ಇಲ್ಲಿ ಬಿಡ್ತೀನಿ.

ಸ್ಟೆಪ್ 6: ನಿಮಗೆ ಆ ಜಡ್ಜೇ ಯಾಕೆ ಸಿಕ್ಕಿದ್ರು

ಲಾಟರಿ. ನಿಜವಾಗ್ಲೂ. ಜನರಲ್ ಆರ್ಡರ್ 44 ಅನ್ನೋ ಹಂಚಿಕೆ ನಿಯಮದ ಪ್ರಕಾರ ಕಂಪ್ಯೂಟರ್ ರ‍್ಯಾಂಡಮ್ ಆಗಿ ಕೊಡತ್ತೆ. ನಮ್ಮ ಹೈಕೋರ್ಟಲ್ಲಿ ರೋಸ್ಟರ್ ಮಾಡೋದು ಚೀಫ್ ಜಸ್ಟಿಸ್, ಈ ಪೀಠಕ್ಕೆ ಸರ್ವೀಸ್ ಮ್ಯಾಟರು, ಆ ಪೀಠಕ್ಕೆ ಜಮೀನು ಮ್ಯಾಟರು ಅಂತ. ಇಲ್ಲಿ ಒಬ್ಬರೇ ಜಡ್ಜ್ ಬೆಳಿಗ್ಗೆ ಡ್ರಗ್ಸ್ ಕೇಸು ಮಧ್ಯಾಹ್ನ ಚಿಪ್ ಪೇಟೆಂಟು ನೋಡ್ತಾರೆ, ಮತ್ತೆ ಕೇಸ್ ಶುರುವಿಂದ ಕೊನೇವರೆಗೂ ಸಾಮಾನ್ಯವಾಗಿ ಅವರ ಹತ್ರಾನೇ ಇರತ್ತೆ. ಪೀಠ ಬದಲಾಯ್ತು, ಮೊದ್ಲಿಂದ ವಾದ ಮಾಡಿ ಅನ್ನೋ ಗೋಳು ಕಮ್ಮಿ.

ಲಾಟರಿಗೆ ಹೊರತಾದ್ದು ಒಂದಿದೆ, ರಿಲೇಟೆಡ್ ಕೇಸ್. ನಿಮ್ಮದೇ ಥರದ ಕೇಸ್ ಇನ್ನೊಬ್ಬ ಜಡ್ಜ್ ಹತ್ರ ಮೊದ್ಲೇ ಇದ್ರೆ ಲೋಕಲ್ ರೂಲ್ 3-12 ಪ್ರಕಾರ ತಿಳಿಸ್ಬೇಕು, ಹಳೇ ನಂಬರ್ ಇರೋ ಜಡ್ಜ್ ಹೌದು ಅಂದ್ರೆ ನಿಮ್ಮದೂ ಅಲ್ಲಿಗೇ ಹೋಗತ್ತೆ.

ಜಡ್ಜ್ ಇಷ್ಟ ಆಗ್ಲಿಲ್ಲ ಅಂದ್ರೆ? ಕ್ಯಾಲಿಫೋರ್ನಿಯಾ ರಾಜ್ಯದ ಕೋರ್ಟಲ್ಲಿ ಒಂದು ಸಲ, ಟೈಮಿಗೆ ಸರಿಯಾಗಿ ಅಫಿಡವಿಟ್ ಹಾಕಿದ್ರೆ, ಪಕ್ಷಪಾತ ಸಾಬೀತು ಮಾಡದೇನೇ ಜಡ್ಜ್ ಬದಲಾಯಿಸ್ಕೋಬಹುದು. ಅದನ್ನ ಕೇಳ್ದವರು ಇಲ್ಲೂ ಹಾಗೇ ಅಂದ್ಕೊಂಡು ಬರ್ತಾರೆ. ಫೆಡರಲ್ ಕೋರ್ಟಲ್ಲಿ ಅದು ನಡಿಯಲ್ಲ, ಕಂಪನಿ ಶೇರ್ ಇಟ್ಕೊಂಡಿದಾರೆ, ಸಂಬಂಧಿಕರಿದಾರೆ ಅನ್ನೋ ಥರ ಗಟ್ಟಿ ಕಾರಣ ಬೇಕು, ಹೋದ ಸಲ ನನ್ನ ವಿರುದ್ಧ ಆರ್ಡರ್ ಮಾಡಿದ್ರು ಅನ್ನೋದು ಕಾರಣ ಆಗಲ್ಲ.

ಸ್ಟೆಪ್ 7: ಕನ್ಸೆಂಟ್ ಫಾರ್ಮ್, ಇಲ್ಲಿ ಒಂಚೂರು ತಲೆ ಓಡ್ಸಿ

ಈ ಡಿಸ್ಟ್ರಿಕ್ಟಲ್ಲಿ ಸಿವಿಲ್ ಕೇಸನ್ನ ಲಾಟರಿಲಿ ನೇರವಾಗಿ ಮ್ಯಾಜಿಸ್ಟ್ರೇಟ್ ಜಡ್ಜಿಗೂ ಕೊಡ್ತಾರೆ. ಆಗ ಒಂದು ಫಾರ್ಮ್ ಬರತ್ತೆ, ಇವರೇ ಟ್ರಯಲ್ ಸಮೇತ ಪೂರ್ತಿ ನಡೆಸ್ಲಿ ಅಂತ ಒಪ್ತೀರಾ ಇಲ್ವಾ ಅಂತ. ಒಪ್ಪೋದು ಬಿಡೋದು ನಿಮ್ಮಿಷ್ಟ, ಒಪ್ಪದಿದ್ರೆ ಶಿಕ್ಷೆ ಇಲ್ಲ, ಡಿಸ್ಟ್ರಿಕ್ಟ್ ಜಡ್ಜಿಗೆ ಹೋಗತ್ತೆ ಅಷ್ಟೆ. ಆದ್ರೆ ಫಾರ್ಮ್ ತುಂಬದೆ ಸುಮ್ನೆ ಕೂರೋದು ಮಾತ್ರ ಮಾಡ್ಬೇಡಿ, ಕೊಟ್ಟಿರೋ ಡೇಟೊಳಗೆ ಹೌದು ಇಲ್ಲಾ ಅಲ್ಲ ಅಂತ ಹಾಕಿ. ಎರಡೂ ಕಡೆಯವರು ಒಪ್ಬೇಕು. ನೈನ್ತ್ ಸರ್ಕ್ಯೂಟ್ 2017 ರಲ್ಲಿ ವಿಲಿಯಮ್ಸ್ ವರ್ಸಸ್ ಕಿಂಗ್ ಅನ್ನೋ ಕೇಸಲ್ಲಿ, ಇನ್ನೂ ನೋಟಿಸ್ ಮುಟ್ಟದಿರೋ ಪ್ರತಿವಾದಿನೂ ಒಪ್ಪಿರ್ಬೇಕು ಅಂದಿದೆ.

ನನ್ನ ಅಭಿಪ್ರಾಯ ಕೇಳಿದ್ರೆ, ಸಣ್ಣ ಸರಳ ಸಿವಿಲ್ ಕೇಸಾದ್ರೆ ಒಪ್ಪೋದೇ ವಾಸಿ. ಡಿಸ್ಟ್ರಿಕ್ಟ್ ಜಡ್ಜ್ ತಲೆ ಮೇಲೆ ಕ್ರಿಮಿನಲ್ ಟ್ರಯಲ್‌ಗಳಿರ್ತವೆ, ಅದನ್ನ ಸಾಮಾನ್ಯವಾಗಿ 70 ದಿನದೊಳಗೆ ಶುರು ಮಾಡ್ಬೇಕು ಅನ್ನೋ ಕಾನೂನು ಬೇರೆ ಇದೆ, ಹಾಗಾಗಿ ಸಿವಿಲ್ ಡೇಟುಗಳು ಮುಂದೆ ಹೋಗ್ತವೆ. ಮ್ಯಾಜಿಸ್ಟ್ರೇಟ್ ಜಡ್ಜುಗಳು ಫೆಲನಿ (ದೊಡ್ಡ ಅಪರಾಧದ) ಟ್ರಯಲ್ ಮಾಡಲ್ಲ, ಡೇಟ್ ಕೊಟ್ರೆ ನಿಲ್ಲೋ ಸಾಧ್ಯತೆ ಜಾಸ್ತಿ. ಒಪ್ಪಿದ್ರೂ ಅಪೀಲ್ ಹೋಗೋದು ನೇರ ಮೇಲಿನ ಕೋರ್ಟಿಗೇನೆ.

ಸ್ಟೆಪ್ 8: ಜಡ್ಜಿನ ಪೇಜ್ ಓದಿ, ಎರಡು ಸಲ

ಕೋರ್ಟ್ ವೆಬ್‌ಸೈಟಲ್ಲಿ ಪ್ರತಿ ಜಡ್ಜಿಗೂ ಒಂದೊಂದು ಪೇಜ್ ಇದೆ. ಅದ್ರಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಅಂತ ಇರತ್ತೆ, ಅಂದ್ರೆ ಆ ಜಡ್ಜ್ ಮನೆಯ ಕಟ್ಟಳೆ. ಮೋಷನ್ (ಜಡ್ಜಿಂದ ಆರ್ಡರ್ ಕೇಳಿ ಹಾಕೋ ಅರ್ಜಿ) ಯಾವ ವಾರ ಕೇಳ್ತಾರೆ, ಎಷ್ಟು ಪುಟ ಬರೀಬಹುದು, ಡಿಸ್ಕವರಿ ಜಗಳ ಇದ್ರೆ ಹೇಗೆ ಲೆಟರ್ ಹಾಕ್ಬೇಕು, ಝೂಮಲ್ಲಾ ಎದುರಲ್ಲಾ, ಎಲ್ಲ ಅಲ್ಲೇ. ಫೆಡರಲ್ ರೂಲ್ಸ್ ಮೇಲೆ ಲೋಕಲ್ ರೂಲ್ಸ್, ಅದ್ರ ಮೇಲೆ ಇಡೀ ಡಿಸ್ಟ್ರಿಕ್ಟಿಗೆ ಸೇರಿದ ಒಂದು ಸ್ಟ್ಯಾಂಡಿಂಗ್ ಆರ್ಡರ್, ಅದ್ರ ಮೇಲೆ ನಿಮ್ಮ ಜಡ್ಜಿಂದು. ಒಬ್ಬ ಜಡ್ಜ್ ಹತ್ರ ಸರಿ ಇದ್ದ ಕಾಗದ ಪಕ್ಕದ ರೂಮಲ್ಲಿ ತಿರಸ್ಕಾರ ಆಗೋದು ಇದೇ ಕಾರಣಕ್ಕೆ.

ಪೇಜಲ್ಲಿ ಕೋರ್ಟ್‌ರೂಮ್ ಡೆಪ್ಯುಟಿ ಅಂತ ಒಬ್ಬರ ಇಮೇಲ್ ಇರತ್ತೆ. ನಮ್ಮ ಕೋರ್ಟಿನ ಬೆಂಚ್ ಕ್ಲರ್ಕ್ ಇದ್ದ ಹಾಗೆ, ಡೇಟು ಶೆಡ್ಯೂಲ್ ವಿಷ್ಯ ಅವರನ್ನ ಕೇಳ್ಬಹುದು, ಕಾನೂನು ಕೇಳೋ ಹಾಗಿಲ್ಲ. ಲಾ ಕ್ಲರ್ಕ್ ಅನ್ನೋರು ಬೇರೆ, ಗುಮಾಸ್ತರು ಅಂದ್ಕೋಬೇಡಿ, ಹೆಚ್ಚಿನವರು ಒಳ್ಳೊಳ್ಳೆ ಲಾ ಸ್ಕೂಲಿಂದ ಬಂದ ಯುವ ವಕೀಲರು, ಒಂದೆರಡು ವರ್ಷ ಜಡ್ಜಿಗೆ ರಿಸರ್ಚ್ ಮಾಡ್ಕೊಟ್ಟು ಆರ್ಡರ್ ಕರಡು ಬರ್ಕೊಟ್ಟು ಹೋಗ್ತಾರೆ. ಅವರಿಗೆ ಫೋನ್ ಮಾಡೋದು, ಲಿಂಕ್ಡಿನ್‌ನಲ್ಲಿ ಹುಡ್ಕೋದು ದಯವಿಟ್ಟು ಬೇಡ. ಜಡ್ಜಿಗೆ ನೇರ ಇಮೇಲಂತೂ ಬೇಡವೇ ಬೇಡ, ಏನೇ ಇದ್ರೂ ಡಾಕೆಟಲ್ಲಿ ಫೈಲ್ ಮಾಡ್ಬೇಕು, ಎದುರು ಪಾರ್ಟಿಗೂ ಕಾಣ್ಬೇಕು.

ವಕೀಲರಿಲ್ದೆ ನೀವೇ ನಡೆಸ್ತಿದ್ರೆ ಕೋರ್ಟೇ ಒಂದು ಹ್ಯಾಂಡ್‌ಬುಕ್ ಫ್ರೀ ಆಗಿ ಕೊಡತ್ತೆ, ಸ್ಯಾನ್ ಫ್ರಾನ್ಸಿಸ್ಕೋ ಓಕ್ಲಂಡಲ್ಲಿ ಲೀಗಲ್ ಹೆಲ್ಪ್ ಸೆಂಟರ್, ಸ್ಯಾನ್ ಹೋಸೆಲಿ ಫೆಡರಲ್ ಪ್ರೋ ಸೆ ಪ್ರೋಗ್ರಾಂ ಅಂತ ಇದೆ, ಅಪಾಯಿಂಟ್‌ಮೆಂಟ್ ತಗೊಂಡು ಹೋದ್ರೆ ವಕೀಲರು ಕೂತು ಹೇಳ್ಕೊಡ್ತಾರೆ. ಕೇಸ್ ಹಾಕೋ ಫೀಸ್ 405 ಡಾಲರ್, ಕೈಲಾಗದವರು ಮನ್ನಾ ಕೇಳ್ಬಹುದು.

ಸ್ಟೆಪ್ 9: ಡಾಕೆಟ್ ನೋಡೋದು, ಕೋರ್ಟಲ್ಲಿ ಕೂತು ನೋಡೋದು

ಡಾಕೆಟ್ ಇರೋದು ಪೇಸರ್ ಅನ್ನೋ ಸೈಟಲ್ಲಿ. ಪುಟಕ್ಕೆ ಹತ್ತು ಸೆಂಟ್, ಒಂದು ಡಾಕ್ಯುಮೆಂಟಿಗೆ ಹೆಚ್ಚು ಅಂದ್ರೆ 3 ಡಾಲರ್, ಮೂರು ತಿಂಗಳ ಬಿಲ್ 30 ಡಾಲರ್ ದಾಟದಿದ್ರೆ ಪೂರ್ತಿ ಮಾಫಿ. ಅಂದ್ರೆ ನಿಮ್ಮ ಒಂದು ಕೇಸ್ ನೋಡ್ಕೊಳಕ್ಕೆ ಖರ್ಚೇ ಇಲ್ಲ. ಒಂದು ಎಚ್ಚರಿಕೆ: ಹೆಸರು ಹಾಕಿ ಹುಡುಕಿದ್ರೆ ಆ ರಿಸಲ್ಟ್ ಪುಟಕ್ಕೂ ದುಡ್ಡು, ನಂಬರ್ ಹಾಕಿ ಹುಡ್ಕಿ. ಇಮಿಗ್ರೇಶನ್ ಕೇಸಾದ್ರೆ ಒಳಗಿನ ಕಾಗದಗಳು ಹೊರಗಿನವರಿಗೆ ಆನ್‌ಲೈನಲ್ಲಿ ಪೂರ್ತಿ ಕಾಣಲ್ಲ, ಪ್ರೈವಸಿಗೋಸ್ಕರ ಹಾಗೆ ಮಾಡಿದಾರೆ.

ಕೋರ್ಟ್‌ರೂಮಿಗೆ ಯಾರು ಬೇಕಾದ್ರೂ ಹೋಗಿ ಕೂರ್ಬಹುದು, ಐಡಿ ಇಟ್ಕೊಂಡು ಹೋಗಿ, ಏರ್‌ಪೋರ್ಟ್ ಥರ ಚೆಕಿಂಗ್ ಇರತ್ತೆ. ಫೋನ್ ಆಫ್ ಮಾಡಿ, ಫೋಟೋ ರೆಕಾರ್ಡಿಂಗ್ ನಿಷಿದ್ಧ, ಝೂಮಲ್ಲಿ ನೋಡ್ತಿದ್ರೂ ಸ್ಕ್ರೀನ್‌ಶಾಟ್ ತೆಗೆಯೋ ಹಾಗಿಲ್ಲ. ಮೈ ಲಾರ್ಡ್ ಬೇಡ, ಯುವರ್ ಆನರ್ ಸಾಕು.

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರು ಸೆವೆಂತ್ ಸ್ಟ್ರೀಟಲ್ಲಿರೋ ಹಳೇ ಕೋರ್ಟ್ ಕಟ್ಟಡಾನೂ ನೋಡಿ, ಈಗ ನೈನ್ತ್ ಸರ್ಕ್ಯೂಟ್ ಇರೋದು ಅಲ್ಲೇ. ಬ್ರಿಟಿಷರ ವಿರುದ್ಧ ಹೋರಾಡಿದ ನಮ್ಮ ಗದರ್ ಪಾರ್ಟಿಯವರ ಮೇಲಿನ ಹಿಂದೂ ಜರ್ಮನ್ ಸಂಚಿನ ವಿಚಾರಣೆ 1917 ರ ನವೆಂಬರಿಂದ 1918 ರ ಏಪ್ರಿಲ್ ತನಕ ಇದೇ ಡಿಸ್ಟ್ರಿಕ್ಟ್ ಕೋರ್ಟ್ ಆ ಕಟ್ಟಡದಲ್ಲಿ ನಡೆಸ್ತು, ಜಡ್ಜ್ ವಿಲಿಯಂ ವ್ಯಾನ್ ಫ್ಲೀಟ್. ಕೊನೆ ದಿನ ಕೋರ್ಟ್‌ರೂಮಲ್ಲೇ ಆರೋಪಿ ರಾಮ್ ಸಿಂಗ್ ತಮ್ಮದೇ ನಾಯಕ ರಾಮಚಂದ್ರರನ್ನ ಗುಂಡಿಟ್ಟು ಕೊಂದ, ಮರುಕ್ಷಣ ಮಾರ್ಷಲ್ ಅವನನ್ನ ಗುಂಡು ಹೊಡೆದು ಉರುಳಿಸ್ದ. ಎಚ್-1ಬಿಲಿ ಇದ್ದು ಇಲ್ಲಿ ಮಗು ಆದವರಿಗೆ ಇನ್ನೂ ಹತ್ತಿರದ ವಿಷ್ಯ ಒಂದಿದೆ: ಇಲ್ಲಿ ಹುಟ್ಟಿದ ಮಗು ಇಲ್ಲಿಯ ಪ್ರಜೆ ಅಂದ ವಾಂಗ್ ಕಿಮ್ ಆರ್ಕ್ ಕೇಸ್ ಶುರು ಆಗಿದ್ದೂ ಈ ಡಿಸ್ಟ್ರಿಕ್ಟ್ ಕೋರ್ಟಲ್ಲೇ, 1896 ರಲ್ಲಿ ಜಡ್ಜ್ ವಿಲಿಯಂ ಮಾರೋ ಅವನ ಪರ ಹೇಳಿದ್ರು, ಸುಪ್ರೀಂ ಕೋರ್ಟ್ 1898 ರಲ್ಲಿ ಎತ್ತಿಹಿಡೀತು.

ಸ್ಟೆಪ್ 10: ಜಡ್ಜ್ ತಡ ಮಾಡಿದ್ರೆ, ಸೋತ್ರೆ

ಮೋಷನ್ ಹಾಕಿ ತಿಂಗಳುಗಟ್ಟಲೆ ಸುದ್ದಿ ಇಲ್ಲ ಅಂದಾಗ ಏನ್ಮಾಡೋದು. 1990 ರ ಒಂದು ಕಾನೂನಿನ ಪ್ರಕಾರ ಆರು ತಿಂಗಳಿಗಿಂತ ಹೆಚ್ಚು ಬಾಕಿ ಇರೋ ಸಿವಿಲ್ ಮೋಷನ್‌ಗಳನ್ನ ಜಡ್ಜ್ ಹೆಸರು ಸಮೇತ ವರ್ಷಕ್ಕೆ ಎರಡು ಸಲ ಪ್ರಕಟಿಸ್ತಾರೆ, ಮಾರ್ಚ್ 31 ಕ್ಕೆ ಮತ್ತೆ ಸೆಪ್ಟೆಂಬರ್ 30 ಕ್ಕೆ ಲೆಕ್ಕ. ಜೀವಮಾನದ ಕೆಲಸ ಇರೋರಿಗೂ ಪಟ್ಟೀಲಿ ಹೆಸರು ಬರೋದು ಅಂದ್ರೆ ಮುಜುಗರ ಇರತ್ತೆ ನೋಡಿ, ಮಾರ್ಚ್ ಸೆಪ್ಟೆಂಬರ್ ಕೊನೆಲಿ ಆರ್ಡರ್‌ಗಳ ಸುರಿಮಳೆ ಆಗೋದನ್ನ ಡಾಕೆಟ್ ನೋಡೋರೆಲ್ಲ ಗಮನಿಸಿರ್ತಾರೆ. ನಾನಂತೂ ಕಾಯೋರಿಗೆ ಆ ಎರಡು ತಿಂಗಳು ನೋಡ್ತಾ ಇರಿ ಅಂತೀನಿ.

ಸೋತ್ರೆ ನೈನ್ತ್ ಸರ್ಕ್ಯೂಟಿಗೆ ಅಪೀಲು, ಸಿವಿಲ್ ಆದ್ರೆ 30 ದಿನ, ಅಮೆರಿಕಾ ಸರ್ಕಾರ ಪಾರ್ಟಿ ಆಗಿದ್ರೆ 60 ದಿನ. ಪೇಟೆಂಟ್ ಕೇಸ್ ಮಾತ್ರ ವಾಷಿಂಗ್ಟನ್‌ನಲ್ಲಿರೋ ಫೆಡರಲ್ ಸರ್ಕ್ಯೂಟಿಗೆ ಹೋಗತ್ತೆ. ಈ ದಿನಗಳನ್ನ ಕ್ಯಾಲೆಂಡರಲ್ಲಿ ಕೆಂಪಲ್ಲಿ ಬರ್ಕೊಳಿ, ತಪ್ಪಿದ್ರೆ ಬಹುತೇಕ ಮುಗೀತು.

ಸ್ಟೆಪ್ 11: ಜ್ಯೂರಿ ಕರೆ ಬಂದ್ರೆ

ಜ್ಯೂರಿಗೆ ಹೆಸರು ತೆಗೆಯೋದು ವೋಟರ್ ಲಿಸ್ಟಿಂದ ಮತ್ತೆ ಡಿಎಂವಿ (ನಮ್ಮ ಆರ್‌ಟಿಒ ಥರ) ಲಿಸ್ಟಿಂದ. ಡ್ರೈವಿಂಗ್ ಲೈಸೆನ್ಸ್ ಇರೋ ಎಚ್-1ಬಿ, ಗ್ರೀನ್ ಕಾರ್ಡಿನವರಿಗೂ ಪ್ರಶ್ನೆಪತ್ರ ಬರೋದು ಹೀಗೆ. ಸಿಟಿಜನ್ ಅಲ್ಲದವರು ಜ್ಯೂರಿ ಆಗೋ ಹಾಗಿಲ್ಲ, ಆದ್ರೆ ಕಾಗದ ಕಸದಬುಟ್ಟಿಗೆ ಹಾಕ್ಬೇಡಿ, ಸಿಟಿಜನ್ ಅಲ್ಲ ಅನ್ನೋದಕ್ಕೆ ಟಿಕ್ ಹಾಕಿ ವಾಪಸ್ ಕಳ್ಸಿ. ತಪ್ಪಿ ಸಿಟಿಜನ್ ಅಂತ ಟಿಕ್ ಹಾಕಿದ್ರೆ ಮುಂದೆ ಇಮಿಗ್ರೇಶನಲ್ಲಿ ದೊಡ್ಡ ತಲೆನೋವಾಗತ್ತೆ. ಜ್ಯೂರಿಗೆ ಬಂದಿಲ್ಲ, ವಾರಂಟ್ ಇದೆ, ಗಿಫ್ಟ್ ಕಾರ್ಡಲ್ಲಿ ಫೈನ್ ಕಟ್ಟಿ ಅಂತ ಫೋನ್ ಬಂದ್ರೆ ಅದು ಮೋಸ, ಕೋರ್ಟ್ ಫೋನಲ್ಲಿ ದುಡ್ಡು ಕೇಳಲ್ಲ. ಹಾಜರಾದವರಿಗೆ ದಿನಕ್ಕೆ 50 ಡಾಲರ್ ಕೊಡ್ತಾರೆ, ಸ್ಯಾನ್ ಫ್ರಾನ್ಸಿಸ್ಕೋಲಿ ಪಾರ್ಕಿಂಗೂ ಊಟಕ್ಕೂ ಸರಿಹೋಗತ್ತೆ.

ನನ್ನ ದೋಸ್ತ್ ಕೊನೆಗೂ ಅವನ ಜಡ್ಜ್ ಮುಖ ನೋಡ್ಲೇ ಇಲ್ಲ. ಕೇಸ್ ಹಾಕಿ ಎರಡು ತಿಂಗಳಾಗೋ ಮುಂಚೆನೇ ಅರ್ಜಿಗೆ ಒಪ್ಪಿಗೆ ಬಂತು, ಎರಡೂ ಕಡೆ ವಕೀಲರು ಸೈನ್ ಹಾಕಿ ಕೇಸ್ ಮುಚ್ಚಿದ್ರು. ಅದಾಗಿ ವರ್ಷ ತುಂಬೋದ್ರೊಳಗೆ ಮತ್ತೊಂದು ಸ್ಕ್ರೀನ್‌ಶಾಟ್, ಈ ಸಲ ಅದೇ ಕೋರ್ಟಿಂದ ಜ್ಯೂರಿ ಸಮನ್ಸು, "ಗುರೂ, ಇದಾದ್ರೂ ಸ್ಯಾನ್ ಹೋಸೆ ತಾನೆ?" ಅಂತ. ವಿಳಾಸ ಓದೋ, ಕ್ಲೇ ಸ್ಟ್ರೀಟ್ ಅಂತ ಇದೆ, ಓಕ್ಲಂಡಿಗೆ ಹೋಗು ಅಂದೆ.